ಬಿರುಕು ಬಿಟ್ಟ ಬೇರು: ಒಂದು ಹೋಪಿ ಕೆತ್ತನೆ ಮನೆತನದ ಪ್ರಕರಣ ಅಧ್ಯಯನ

ಒಂದೇ ವರ್ಷದಲ್ಲಿ ಮಾರಿದ ಹನ್ನೊಂದು ಗೊಂಬೆಗಳಲ್ಲಿ ನಾಲ್ಕು ಅಂಗಡಿಯಿಂದ ವಾಪಸ್ ಬಂದವು. ಕೆತ್ತಿದವನು ಹತ್ತೊಂಬತ್ತರ ಹುಡುಗ. ಅವನ ಮನೆಯಲ್ಲಿ ಕತ್ಸಿನ ಗೊಂಬೆ, ಅಂದರೆ ಅಮೆರಿಕದ ಮೂಲನಿವಾಸಿ ಹೋಪಿ ಜನ ನಂಬುವ ಮಳೆ ತರುವ ಚೇತನಗಳ ಮರದ ಗೊಂಬೆ, ಕೆತ್ತುವುದು ಕನಿಷ್ಠ ಮೂರು ತಲೆಮಾರಿನಿಂದ ನಡೆದುಬಂದಿದೆ. ಹೀಗಿರುವಾಗ ಇಂಥದ್ದು ಏಕಾಯಿತು, ಮನೆಯವರು ಏನೇನು ಮಾಡಿ ನೋಡಿದರು, ಯಾವುದು ಫಲ ಕೊಟ್ಟಿತು ಎಂಬುದು ಈ ಬರಹದ ವಿಷಯ. ಹಳ್ಳಿ, ಕುಲ, ಅಂಗಡಿ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಮರ, ಬಣ್ಣ, ಅಂಟುಗಳ ವಿಷಯವನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇವೆ.

ಹಿನ್ನೆಲೆ

ಅಮೆರಿಕದ ಅರಿಝೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಮೇಸಾ ಎಂದು ಕರೆಯುವ ಮೂರು ಚಪ್ಪಟೆ ನೆತ್ತಿಯ ಕಲ್ಲುಗುಡ್ಡಗಳಿವೆ. ಅವುಗಳ ಮೇಲೂ ಬುಡದಲ್ಲೂ ಹೋಪಿ ಜನರ ಹಳ್ಳಿಗಳು. ಮಳೆಯನ್ನೇ ನಂಬಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುವ ಒಣನಾಡು ಅದು. ಕತ್ಸಿನಗಳೆಂದರೆ ಜನರ ಪ್ರಾರ್ಥನೆಯನ್ನು ಕೊಂಡೊಯ್ದು ಮಳೆ ತರುವ ಚೇತನಗಳು. ಚಳಿಗಾಲದ ನಡುವಿನಿಂದ ಜುಲೈವರೆಗೆ ಅವು ಹಳ್ಳಿಗಳಲ್ಲಿರುತ್ತವೆ, ಉಳಿದ ತಿಂಗಳುಗಳಲ್ಲಿ ಫ್ಲ್ಯಾಗ್‌ಸ್ಟಾಫ್ ಊರಿನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳಲ್ಲಿ ನೆಲೆಸುತ್ತವೆ ಎಂಬುದು ನಂಬಿಕೆ. ಫೆಬ್ರವರಿಯ ಪೊವಾಮುಯ ಆಚರಣೆಯಲ್ಲೂ ಜುಲೈನ ನಿಮಾನ್ ಬೀಳ್ಕೊಡುಗೆಯಲ್ಲೂ ಕತ್ಸಿನಗಳು ಹೆಣ್ಣುಮಕ್ಕಳಿಗೆ ಮರದ ಗೊಂಬೆ ಕೊಡುತ್ತವೆ. ಇದಕ್ಕೆ ಹೋಪಿ ಮಾತಿನಲ್ಲಿ ತಿಹು ಎನ್ನುತ್ತಾರೆ. ತಿಹು ಪೂಜೆಯ ವಿಗ್ರಹವಲ್ಲ, ಆಟಿಕೆಯೂ ಅಲ್ಲ. ಮಗುವಿಗೆ ಒಳಿತು ಬಯಸಿ ಕೊಟ್ಟದ್ದು, ಮನೆಯ ಗೋಡೆಗೆ ನೇತುಹಾಕಿ ಇಟ್ಟುಕೊಳ್ಳುವಂಥದ್ದು. ಕೂಸಿಗೆ ಮೊದಲು ಸಿಗುವುದು ಹಲಗೆಯಂಥ ಚಪ್ಪಟೆ ಗೊಂಬೆ. ಮಗು ಬೆಳೆದಂತೆ ಮುಖ ಮಾತ್ರ ಉಬ್ಬಿದ್ದು, ಆಮೇಲೆ ಮೈ ದುಂಡಗಿದ್ದು, ಕೊನೆಗೆ ಕೈಕಾಲು ಪೂರ್ತಿ ಮೂಡಿದ್ದು ಬರುತ್ತವೆ. ಈ ಕ್ರಮ ನೆನಪಿರಲಿ, ಪ್ರಕರಣದ ತಿರುವಿನಲ್ಲಿ ಬೇಕಾಗುತ್ತದೆ.

ಕೆತ್ತುವ ಮರ ಒಂದೇ: ಕಾಟನ್‌ವುಡ್ ಮರದ ಬೇರು. ಹೆಸರಲ್ಲಿ ಹತ್ತಿ ಇದ್ದರೂ ನಮ್ಮ ಬೂರುಗಕ್ಕೂ ಇದಕ್ಕೂ ನಂಟಿಲ್ಲ, ಇದು ಪಾಪ್ಲರ್ ಬಳಗದ್ದು. ಹೊಳೆ ಹಳ್ಳಗಳ ದಂಡೆಯಲ್ಲಿ ಬೆಳೆದು ನೀರು ಹುಡುಕಿಕೊಂಡು ದೂರದವರೆಗೆ ಬೇರು ಚಾಚುತ್ತದೆ. ಮಳೆ ಬೇಡುವ ಜನ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬೇರೆ ಹೇಳಬೇಕಿಲ್ಲ. ಉಳಿಗೂ ಅದು ಒಗ್ಗುತ್ತದೆ: ಹಗುರ, ಎಳೆ ನಯ, ಯಾವ ದಿಕ್ಕಿನಿಂದ ಚಾಕು ಹಾಕಿದರೂ ಸೀಳಿಕೊಂಡು ಓಡುವುದಿಲ್ಲ. ಕಾಂಡದ ಮರಕ್ಕೆ ಈ ಗುಣ ಇಷ್ಟಿಲ್ಲ.

ಇನ್ನು ಮನೆ. ಹೋಪಿಗಳಲ್ಲಿ ಕುಲ ತಾಯಿಯ ಕಡೆಯಿಂದ, ಮನೆಯೂ ಹೆಂಗಸರದು. ಗಂಡ ಬಂದು ಸೇರುವವನು. ಮಕ್ಕಳ ಶಿಸ್ತು, ಕುಲದ ಹೊಣೆ ಸೋದರಮಾವನ ಮೇಲೆ. ನಮ್ಮ ಕರಾವಳಿಯ ಅಳಿಯಸಂತಾನ ಕಂಡವರಿಗೆ ಇದರ ಒಳಸುಳಿ ಬೇಗ ತಿಳಿಯುತ್ತದೆ. ಈ ಮನೆಯಲ್ಲಿ ಕೆತ್ತುವವರು ನಾಲ್ವರು. ಎಪ್ಪತ್ತು ದಾಟಿದ ತಾಯಿಯ ತಂದೆ ಹಳೆಯ ಶೈಲಿಯಲ್ಲಿ ಪಳಗಿದವರು: ಕೈಗಳು ಹೊಟ್ಟೆಗೆ ಅಂಟಿದಂತೆ, ಕಾಲು ಗಿಡ್ಡ, ಮಣ್ಣಿನ ಬಣ್ಣ, ಕೊರಳಿಗೆ ನೇತುಹಾಕುವ ದಾರ. ಸೋದರಮಾವ ಹಬ್ಬಕ್ಕೂ ಕೆತ್ತುತ್ತಾನೆ, ಮಾರಾಟಕ್ಕೂ ಕೆತ್ತುತ್ತಾನೆ. ಅಪ್ಪ ಬೇರೆ ಹಳ್ಳಿಯಿಂದ ಬಂದವನು. ಕುಣಿಯುವ ಭಂಗಿಯ ನಿಂತ ಗೊಂಬೆಗಳಲ್ಲಿ ಅವನಿಗೆ ಹೆಸರಿದೆ. ತಿರುಗುವ ವಿದ್ಯುತ್ ಉಳಿ, ಕಾಯಿಸಿ ಗೆರೆ ಸುಡುವ ಕಡ್ಡಿ, ಅಕ್ರಿಲಿಕ್ ಬಣ್ಣ ಅವನ ಸಲಕರಣೆ. ಮನೆ ನಡೆಯುವುದು ಹೆಚ್ಚಾಗಿ ಅವನ ಗಳಿಕೆಯಿಂದ. ನಾಲ್ಕನೆಯವನು ಹುಡುಗ.

ಹುಡುಗನಿಗೆ ದೀಕ್ಷೆ ಆಗಿದೆ. ದೀಕ್ಷೆಯಾಗದವರು ಕತ್ಸಿನ ಕೆತ್ತುವಂತಿಲ್ಲ. ಅದರ ವಿವರ ಇಲ್ಲಿ ಬರುವುದಿಲ್ಲ, ಹೊರಗಿನವರು ಕೇಳುವುದೂ ಸರಿಯಲ್ಲ. ಈ ಪ್ರಕರಣಕ್ಕೆ ಬೇಕಾದ ಮಾತು ಇಷ್ಟು: ಯಾವ ಕತ್ಸಿನಕ್ಕೆ ಯಾವ ಬಣ್ಣ, ಯಾವ ಕೈಯಲ್ಲಿ ಏನು ಎಂಬ ಅರಿವಿನಲ್ಲಿ ಹುಡುಗನಿಗೆ ಕೊರತೆ ಇರಲಿಲ್ಲ. ವಾಪಸ್ ಬಂದ ನಾಲ್ಕರಲ್ಲಿ ಒಂದರಲ್ಲೂ ಅಂಥ ತಪ್ಪು ಕಾಣಲಿಲ್ಲ.

ಅವನು ಕೆಲಸ ಕಲಿತ ದಾರಿ ಬೇರೆ. ಹದಿನಾಲ್ಕರ ಸುಮಾರಿಗೆ ಅಪ್ಪನ ಪಕ್ಕ ಕೂತು ಉಪ್ಪುಕಾಗದ ಉಜ್ಜುವುದರಿಂದ ಶುರು ಮಾಡಿದ. ಆಮೇಲೆ ಬಣ್ಣ, ಆಮೇಲೆ ಸುಡುವ ಕಡ್ಡಿಯಿಂದ ಗರಿಯ ಗೆರೆ, ಅದಾದ ಮೇಲೆ ಕೈಬೆರಳು ಮುಖ ಕೆತ್ತುವುದು. ಅಂದರೆ ಕೆಲಸದ ಕೊನೆಯಿಂದ ಹಿಂದಕ್ಕೆ ಬಂದ. ಬೇರು ಆರಿಸುವುದು, ಒಣಗಿಸುವುದು, ಮೊದಲ ಗರಗಸ ಹಾಕುವುದು ಅವನ ಪಾಲಿಗೆ ಬಂದೇ ಇರಲಿಲ್ಲ. ತಯಾರಾದ ತುಂಡು ಅಪ್ಪನ ಬೆಂಚಿನ ಮೇಲೆ ಯಾವಾಗಲೂ ಇರುತ್ತಿತ್ತು.

ತೊಂದರೆ

ಸ್ವಂತ ಗೊಂಬೆ ಮಾರತೊಡಗಿದಾಗ ಬೇರು ತಾನೇ ಹೊಂದಿಸಿಕೊಳ್ಳಬೇಕಾಯಿತು. ಬೇರೆ ರಾಜ್ಯದಿಂದ ಲಾರಿಯಲ್ಲಿ ತಂದು ಮಾರುವವನೊಬ್ಬನಿಂದ ಅಳತೆಯ ಲೆಕ್ಕದಲ್ಲಿ ಕೊಂಡ. ನೆಟ್ಟಗಿನ, ದುಂಡನೆಯ, ಕಲೆಯಿಲ್ಲದ ತುಂಡುಗಳು. ಚಳಿಗಾಲದಲ್ಲಿ ಅವನ್ನು ಕಲ್ಲಿದ್ದಲಿನ ಒಲೆಯಿಂದ ಎರಡು ಮೊಳ ದೂರದ ಕಪಾಟಿನಲ್ಲಿ ಜೋಡಿಸಿ ಒಂದೂವರೆ ತಿಂಗಳು ಬಿಟ್ಟ. ಹೊರಮೈ ಮುಟ್ಟಿದರೆ ಗರಿಗರಿ ಒಣಗಿತ್ತು. ಕೆತ್ತಿದ.

ವಾಪಸ್ ಬಂದ ನಾಲ್ಕು ಹೀಗಿದ್ದವು. ಎರಡಕ್ಕೆ ಬೆನ್ನಿನಲ್ಲಿ ಕೊರಳಿನಿಂದ ಸೊಂಟದ ಪಟ್ಟಿಯವರೆಗೆ ಉದ್ದ ಬಿರುಕು, ಒಂದರಲ್ಲಿ ನಾಣ್ಯದ ಅಂಚು ತೂರುವಷ್ಟು ಅಗಲ. ಮೂರನೆಯದರ ಮುಂಚಾಚಿದ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು, ಜತೆಗೆ ತಲೆಯ ಮೇಲಿನ ಎರಡು ಮರದ ಗರಿ. ನಾಲ್ಕನೆಯದರಲ್ಲಿ ಮರ ಸರಿಯಿತ್ತು, ಆದರೆ ಸೊಂಟಕ್ಕೆ ಸುತ್ತಿದ ಬಿಳಿ ಬಟ್ಟೆಯ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತಿತ್ತು.

ಅಂಗಡಿಯವರು ಹೇಳಿದ್ದು ಒಂದೇ ಮಾತು: ‘ಬೇರು ಸರಿಯಿಲ್ಲ.’ ಮನೆಯವರೂ ಅದನ್ನೇ ನಂಬಿದರು. ಮುಂದಿನ ಎಂಟು ತಿಂಗಳು ಹಾಳಾದದ್ದು ಈ ಒಂದು ಮಾತಿನಿಂದ. ಬಂದ ದೋಷ ಮೂರು ಬಗೆಯದು, ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ಮಾಡಿ ನೋಡಿದ್ದು

ಹುಡುಗ ಮೊದಲು ಬಿರುಕು ತುಂಬಿದ. ಬೇರಿನ ಹುಡಿಗೆ ಸೂಪರ್ ಗ್ಲೂ ಬೆರೆಸಿ ಒತ್ತಿ, ಉಜ್ಜಿ, ಮೇಲೆ ಬಣ್ಣ ಹಚ್ಚಿದ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಪುಟ್ಟಿಯ ಒಂದು ಅಂಚಿನಲ್ಲಿ ಕೂದಲೆಳೆಯ ಗೆರೆ ಕಾಣಿಸಿತು, ತಿಂಗಳಲ್ಲಿ ಪುಟ್ಟಿಯೇ ಸಡಿಲವಾಯಿತು. ಒಳಗಿನ ಮರ ಇನ್ನೂ ನೀರು ಬಿಡುತ್ತಾ ಕುಗ್ಗುತ್ತಿರುವಾಗ ಮೇಲಿನ ಬಿರುಕು ತುಂಬಿ ಫಲವಿಲ್ಲ. ಗಟ್ಟಿಯಾದ ಪುಟ್ಟಿ ಕುಗ್ಗುವುದಿಲ್ಲ, ಸುತ್ತಲಿನ ಮರ ಕುಗ್ಗುತ್ತದೆ, ಎರಡರ ನಡುವೆ ಹೊಸ ಸೀಳು ಹುಟ್ಟುತ್ತದೆ. ಹೀಗೆ ತುಂಬಿದ ತುಂಡಿನಲ್ಲಿ ಕೆಲವೊಮ್ಮೆ ಬಿರುಕು ಎದೆಯ ಕಡೆಗೆ ಹೊರಳುತ್ತದೆ. ಒಂದು ಗೊಂಬೆಯಲ್ಲಿ ಆದದ್ದೂ ಅದೇ. ಬೆನ್ನಿನ ಬಿರುಕನ್ನು ಹೇಗೋ ಮರೆಮಾಡಬಹುದಿತ್ತು, ಎದೆಯದ್ದನ್ನು ಆಗಲಿಲ್ಲ.

ಎರಡನೆಯದು ವಾರ್ನಿಷ್. ತೇವ ಒಳಗೆ ಹೋಗದಂತೆ, ಹೊರಗೆ ಬರದಂತೆ ಮೂರು ಕೈ ಹೊಡೆದ. ಆದರೆ ಪೀಠದ ಅಡಿಗೆ ಹೊಡೆಯಲಿಲ್ಲ, ಯಾರಿಗೂ ಕಾಣದ ಜಾಗ ಎಂದು. ಮರ ನೀರನ್ನು ಬೇಗ ಬಿಡುವುದೂ ಹೀರುವುದೂ ಎಳೆ ಕತ್ತರಿಸಿದ ತುದಿಯಲ್ಲಿ. ಪಾದದಡಿಯ ತುದಿ ತೆರೆದು ಉಳಿದ ಮೈಯೆಲ್ಲ ಮುಚ್ಚಿದರೆ ಕೆಳಭಾಗ ಮೊದಲು ಒಣಗಿ ಕುಗ್ಗಿ ಅಲ್ಲಿಂದಲೇ ಸೀಳು ಮೇಲೇರುತ್ತದೆ. ಅದಲ್ಲದೆ ವಾರ್ನಿಷ್‌ನ ಹೊಳಪು ಅಜ್ಜನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಮೂರನೆಯದು ಬೇರಿನ ವ್ಯಾಪಾರಿಯನ್ನೇ ಬದಲಿಸಿದ್ದು. ಹೊಸಬನ ಮಾಲು ಇನ್ನೂ ಚೊಕ್ಕಟವಾಗಿತ್ತು, ಇನ್ನೂ ದುಬಾರಿಯಾಗಿತ್ತು, ಇನ್ನೂ ಹಸಿಯಾಗಿತ್ತು. ಮಣ್ಣಿನಿಂದ ಅಗೆದು ತೆಗೆದ ಜೀವಂತ ಬೇರು ನೆಟ್ಟಗೆ ಸುಂದರವಾಗಿರುತ್ತದೆ. ಪ್ರವಾಹ ಕೊಚ್ಚಿ ತಂದು ಮರಳಿನಲ್ಲಿ ವರ್ಷಗಟ್ಟಲೆ ಬಿದ್ದ ಸತ್ತ ಬೇರು ಬೂದು ಬಣ್ಣಕ್ಕೆ ತಿರುಗಿ, ಸೊಟ್ಟಗಾಗಿ, ಅಲ್ಲಲ್ಲಿ ಕಲ್ಲು ಕಚ್ಚಿಕೊಂಡಿರುತ್ತದೆ. ಕಣ್ಣಿನಿಂದ ಮಾತ್ರ ಆರಿಸುವವನು ಪ್ರತಿ ಸಲ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾನೆ.

ತಿರುವು

ಜುಲೈನಲ್ಲಿ ನಿಮಾನ್ ಮುಗಿದ ಮೇಲೆ ಮನೆಯವರೆಲ್ಲ ಊರಲ್ಲೇ ಇದ್ದ ವಾರ. ಅಜ್ಜ ಆ ನಾಲ್ಕು ಗೊಂಬೆಗಳನ್ನೂ ತರಿಸಿ ಸಾಲಾಗಿ ಮಲಗಿಸಿದರು. ಒಂದೊಂದನ್ನೂ ಎತ್ತಿ ತೂಗಿ, ಉಗುರಿನಿಂದ ತಟ್ಟಿ, ಎರಡನ್ನು ಎಡಕ್ಕೆ, ಒಂದನ್ನು ನಡುವೆ, ಒಂದನ್ನು ಬಲಕ್ಕೆ ಇಟ್ಟರು. ಕಾಯಿಲೆ ಒಂದಲ್ಲ, ಮೂರು ಎಂಬುದು ಆ ಮನೆಯಲ್ಲಿ ಮೊದಲ ಬಾರಿ ಸ್ಪಷ್ಟವಾದದ್ದು ಹೀಗೆ.

ಮಾವ ಅಡುಗೆಮನೆಯ ತೂಕದ ಯಂತ್ರ ತಂದ. ಒಲೆಯ ಕಪಾಟಿನಲ್ಲಿ ಉಳಿದಿದ್ದ ಎರಡು ತುಂಡುಗಳ ಜತೆಗೆ ಈಗಷ್ಟೇ ಲಾರಿಯಿಂದ ಇಳಿದ ಒಂದು ತುಂಡನ್ನೂ ತೂಗಿದ. ಒಂದಡಿ ಉದ್ದ, ನಾಲ್ಕು ಇಂಚು ದಪ್ಪದ ಆ ಹೊಸ ತುಂಡು 1,180 ಗ್ರಾಂ ಇತ್ತು. ಹೆಚ್ಚುಕಮ್ಮಿ ಅದೇ ಅಳತೆಯ, ಅಜ್ಜ ಹಿಂದೊಮ್ಮೆ ಲಿಟಲ್ ಕೊಲರಾಡೊ ಹೊಳೆಯ ಪಾತ್ರದಿಂದ ತಂದಿಟ್ಟಿದ್ದ ಬೂದು ಬೇರು 690 ಗ್ರಾಂ. ಪ್ರತಿ ಭಾನುವಾರ ತೂಗುತ್ತಾ ಹೋದರು. ಆರು ವಾರದ ಕೊನೆಗೆ ಮೊದಲನೆಯದು 860ಕ್ಕೆ ಇಳಿದಿತ್ತು, ಇನ್ನೂ ಇಳಿಯುತ್ತಲೇ ಇತ್ತು. ಅಜ್ಜನದು ನಾಲ್ಕೈದು ಗ್ರಾಂ ಆಚೀಚೆ ಆಗಿದ್ದು ಬಿಟ್ಟರೆ ಅಲ್ಲೇ ನಿಂತಿತ್ತು. ಹುಡುಗ ಗೊಂಬೆ ಕೆತ್ತಿದ್ದು ಮೊದಲನೆಯಂಥ ತುಂಡಿನಲ್ಲಿ, ಅದೂ ಅರ್ಧ ದಾರಿಯಲ್ಲಿ.

ಬೆನ್ನಿನ ಬಿರುಕಿಗೆ ವಿವರಣೆ ಇಲ್ಲೇ ಇದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ನಡುವಿನಿಂದ ಹೊರಕ್ಕೆ ಸ್ವಲ್ಪ ಕುಗ್ಗುತ್ತದೆ, ಸುತ್ತಳತೆಯಲ್ಲಿ ಸಾಮಾನ್ಯವಾಗಿ ಅದರ ಎರಡರಷ್ಟು. ತಿರುಳು ಒಳಗೇ ಇರುವ ಇಡೀ ದುಂಡು ತುಂಡಿನಲ್ಲಿ ಈ ವ್ಯತ್ಯಾಸ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ನಿಧಾನ ಒಣಗಿದರೆ ಬಿರುಕು ಸಣ್ಣದು, ಕೆಲವೊಮ್ಮೆ ಬರುವುದೇ ಇಲ್ಲ. ಒಲೆಯ ಪಕ್ಕ ಇಟ್ಟಾಗ ಹೊರಪದರ ಮೊದಲು ಒಣಗಿ ಬಿಗಿಯುತ್ತದೆ, ಒಳಗಿನದು ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ. ಕೆತ್ತುವಾಗ ಆ ಬಿಗಿದ ಹೊರಪದರವನ್ನೇ ತೆಗೆದುಹಾಕಿ ಹಸಿ ಮೈಯನ್ನು ಹೊರಗೆ ತರುತ್ತೇವೆ. ಮೇಸಾದ ಒಣ ಗಾಳಿಗೆ ಅದು ಹೊಸದಾಗಿ ಕುಗ್ಗಲು ಶುರು ಮಾಡುತ್ತದೆ. ಗೊಂಬೆ ಅಂಗಡಿ ಸೇರುವ ಹೊತ್ತಿಗೆ ಬಿರುಕಿಗೂ ಹೊತ್ತಾಗಿರುತ್ತದೆ.

ಇಲ್ಲಿ ಇನ್ನೊಂದು ಲೆಕ್ಕವೂ ಸೇರುತ್ತದೆ. ಅಮೆರಿಕದ ನೈಋತ್ಯದ ಒಣನಾಡಿನ ಮನೆಯೊಳಗೆ ಮರದ ತೇವ ಸುಮಾರು ಶೇ. 6ಕ್ಕೆ ನಿಲ್ಲುತ್ತದೆ, ದೇಶದ ಬಹುಭಾಗದಲ್ಲಿ ಶೇ. 8ರ ಸುಮಾರು, ತೇವದ ಕರಾವಳಿಯಲ್ಲಿ ಶೇ. 11ರ ಹತ್ತಿರ. ಗೊಂಬೆ ಕೊಂಡವರು ಎಲ್ಲಿಯವರೋ ಗೊತ್ತಿಲ್ಲ. ಸರಿಯಾಗಿ ಒಣಗಿದ ತುಂಡು ಈ ಏರಿಳಿತ ತಾಳಿಕೊಳ್ಳುತ್ತದೆ. ಒಳಗೆ ಬಿಗಿತ ಉಳಿದ ತುಂಡು ತಾಳುವುದಿಲ್ಲ.

ನಡುವೆ ಇಟ್ಟ ಗೊಂಬೆಯ ಕೈ ಮುರಿದದ್ದಕ್ಕೂ ಹಸಿತನಕ್ಕೂ ಸಂಬಂಧವಿರಲಿಲ್ಲ. ಗೊಂಬೆಯನ್ನು ‘ಒಂದೇ ಬೇರಿನದು’ ಎಂದು ಮಾರಬೇಕೆಂದು ಅಂಗಡಿಯವರ ಒತ್ತಾಯ, ಅದಕ್ಕೆ ಬೆಲೆಯೂ ಹೆಚ್ಚು. ತುಂಡಿನಲ್ಲಿ ಎಳೆ ತಲೆಯಿಂದ ಕಾಲಿಗೆ ಓಡುತ್ತದೆ. ಕೈಯನ್ನು ನೇರ ಮುಂದಕ್ಕೆ ಚಾಚಿಸಿದರೆ ಎಳೆ ಕೈಯ ಉದ್ದಕ್ಕಿರದೆ ಅಡ್ಡಕ್ಕೆ ಬರುತ್ತದೆ. ಮಣಿಕಟ್ಟು ಬೆರಳ ದಪ್ಪಕ್ಕಿಂತ ಸಣ್ಣದಾದಾಗ ಅಲ್ಲಿ ಹಿಡಿದಿಟ್ಟುಕೊಳ್ಳಲು ಎಳೆಯೇ ಉಳಿದಿರುವುದಿಲ್ಲ, ಬಿಸ್ಕತ್ತಿನಂತೆ ಮುರಿಯುತ್ತದೆ. ಅಪ್ಪನ ಗೊಂಬೆಗಳಲ್ಲಿ ಹೀಗಾಗುತ್ತಿರಲಿಲ್ಲ. ಅವನು ಕವಲೊಡೆದ ಬೇರು ಹುಡುಕಿ, ಕವಲೇ ತೋಳಾಗುವಂತೆ ಭಂಗಿಯನ್ನು ಬೇರಿಗೆ ತಕ್ಕಂತೆ ಕೂರಿಸುತ್ತಿದ್ದ. ಹುಡುಗ ನೋಡಿದ್ದು ಭಂಗಿಯನ್ನು ಮಾತ್ರ. ಬೇರಿನ ಆಯ್ಕೆ ಅವನು ಬೆಂಚಿಗೆ ಬರುವ ಮೊದಲೇ ಮುಗಿದಿರುತ್ತಿತ್ತು.

ಬಲಕ್ಕಿಟ್ಟ ನಾಲ್ಕನೆಯದು ನಮಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು. ಅಜ್ಜ ಮೊದಲು ಕೆಯೊಲಿನ್ ಜೇಡಿಯನ್ನು ನೀರಲ್ಲಿ ಕಲಸಿ ತೆಳು ಬಿಳಿ ಪದರ ಹಚ್ಚುತ್ತಾರೆ. ಅದರ ಮೇಲೆ ಕಾವಿಕಲ್ಲಿನ ಕೆಂಪು, ಹಳದಿ ಮಣ್ಣು, ತಾಮ್ರದ ಅದಿರಿನ ನೀಲಿಹಸಿರು, ಮಸಿಯ ಕಪ್ಪು. ಇದರಲ್ಲಿ ಪುಡಿಯ ಮೇಲೆ ಪುಡಿಯೇ ಕೂರುತ್ತದೆ, ಒಂದನ್ನೊಂದು ಎಳೆಯುವುದಿಲ್ಲ. ಕೈಗೆ ಸ್ವಲ್ಪ ಹತ್ತಿಕೊಳ್ಳಬಹುದು, ಆದರೆ ಹಪ್ಪಳ ಏಳುವುದಿಲ್ಲ. ಅಪ್ಪ ಉಜ್ಜಿದ ಮರಕ್ಕೆ ನೇರ ಅಕ್ರಿಲಿಕ್ ಹಚ್ಚುತ್ತಾನೆ, ಮೊದಲ ಕೈ ನೀರು ನೀರಾಗಿ, ಎಳೆಯೊಳಗೆ ಇಳಿಯುವಂತೆ. ಅದೂ ಗಟ್ಟಿ. ಹುಡುಗ ಅಜ್ಜನಿಂದ ಬಿಳಿ ಪದರವನ್ನೂ ಅಪ್ಪನಿಂದ ಅಕ್ರಿಲಿಕ್ಕನ್ನೂ ತೆಗೆದುಕೊಂಡ. ದಪ್ಪ ಜೇಡಿಯ ಮೇಲೆ ಕೂತ ಅಕ್ರಿಲಿಕ್ ಒಣಗಿ ಪ್ಲಾಸ್ಟಿಕ್ ಹಾಳೆಯಾಯಿತು, ಹಾಳೆ ಕುಗ್ಗುತ್ತಾ ಬಲವಿಲ್ಲದ ಜೇಡಿಯನ್ನು ಮರದಿಂದ ಕಿತ್ತುಕೊಂಡಿತು. ಎರಡೂ ಮನೆಯದೇ ಪದ್ಧತಿ, ಎರಡೂ ಸರಿ, ಒಂದರ ಮೇಲೊಂದು ಹಚ್ಚಿದ್ದು ಮಾತ್ರ ತಪ್ಪು. ಇಬ್ಬರು ಗುರುಗಳಿರುವ ಮನೆಯಲ್ಲಿ ಇಂಥದ್ದು ಕಣ್ಣಿಗೆ ಬೀಳುವುದು ತಡ, ಏಕೆಂದರೆ ಇಬ್ಬರೂ ತಮ್ಮ ಭಾಗ ಸರಿಯಿದೆ ಎಂದು ನೋಡಿ ಸುಮ್ಮನಾಗುತ್ತಾರೆ.

ತೀರ್ಮಾನಗಳು

ಮೊದಲ ಮಾತು ಅಜ್ಜನದು: ಹುಡುಗ ಮಾರಾಟದ ಕೆತ್ತನೆ ನಿಲ್ಲಿಸಿ ಚಪ್ಪಟೆ ಗೊಂಬೆಯಿಂದ ಮತ್ತೆ ಶುರು ಮಾಡಲಿ, ಹೆಣ್ಣುಮಗುವಿಗೆ ಕೊಡುವ ಕ್ರಮದಲ್ಲೇ. ಅಪ್ಪ ಒಪ್ಪಲಿಲ್ಲ. ಚಳಿಗಾಲದ ಆರ್ಡರ್ ಇದೆ, ಪಿಕಪ್ ಗಾಡಿಯ ಕಂತು ಇದೆ, ಕೈ ಪಳಗಿದ ಹುಡುಗನನ್ನು ಕೂಸಿನ ಗೊಂಬೆ ಕೆತ್ತಲು ಕೂರಿಸುವುದೇ ಎಂದ. ಅವನ ಮಾತಲ್ಲೂ ಹುರುಳಿತ್ತು. ದಾರಿ ಹುಡುಕಿದ್ದು ಹುಡುಗನ ತಾಯಿ. ಅಪ್ಪನ ಗೊಂಬೆಗಳ ಉಜ್ಜುವಿಕೆ, ಸುಡುಗೆರೆ, ಬಣ್ಣ ಹುಡುಗ ಮಾಡುವುದು, ಅದಕ್ಕೆ ಮಾರಿದ ಹಣದಲ್ಲಿ ಪಾಲು. ವಾರದ ಉಳಿದ ದಿನ ಅಜ್ಜ ಮತ್ತು ಮಾವನ ಜತೆ ಬೇರಿನ ಕೆಲಸ. ಅವನ ಸ್ವಂತ ಹೆಸರಿನಲ್ಲಿ ಒಂದು ವರ್ಷ ಮಾರಾಟವಿಲ್ಲ. ಆದಾಯ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಈ ಏರ್ಪಾಡು ಇರದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ ಎಂದು ನಮ್ಮ ಅನಿಸಿಕೆ.

ಚಪ್ಪಟೆ ಗೊಂಬೆ ಸುಲಭದ್ದಲ್ಲ. ಅಂಗೈ ಉದ್ದ, ಬೆರಳ ದಪ್ಪ. ಬೇರನ್ನು ಉದ್ದಕ್ಕೆ ಸೀಳಿದಾಗ ಎಳೆ ಎತ್ತ ಓಡುತ್ತದೆ, ತಿರುಳು ಎಲ್ಲಿದೆ, ಒಣಗಿದ ಮೇಲೆ ಹಲಗೆ ಎತ್ತ ಬಾಗುತ್ತದೆ ಎಲ್ಲವೂ ಕಣ್ಣೆದುರು ತೆರೆದುಕೊಳ್ಳುತ್ತದೆ. ತಿರುಳಿನ ಒಂದು ಪಕ್ಕದಿಂದ ತೆಗೆದ ಹಲಗೆ ಬಿರುಕು ಬಿಡುವುದು ಅಪರೂಪ, ಹೆಚ್ಚೆಂದರೆ ಕೊಂಚ ಬಾಗುತ್ತದೆ. ತಿರುಳು ನಡುವೆ ಬಂದದ್ದು ಅಲ್ಲೇ ಒಡೆಯುತ್ತದೆ. ಹತ್ತಿಪ್ಪತ್ತು ಹಲಗೆ ಸೀಳಿದವನಿಗೆ ದುಂಡು ತುಂಡಿನ ಒಳಗೇನಿದೆ ಎಂಬ ಅಂದಾಜು ಬರುತ್ತದೆ. ಉಳಿ ಹಿಡಿದು ಐದು ವರ್ಷವಾದ ಹುಡುಗನಿಗೆ ಇದು ಹೊಸದಾಗಿತ್ತು.

ಮರದ ವಿಷಯದಲ್ಲಿ ಮನೆ ಒಪ್ಪಿಕೊಂಡ ಪದ್ಧತಿ ಹೀಗೆ. ಬೇರು ಬಂದ ದಿನವೇ ತೊಗಟೆ ಸುಲಿದು, ಎರಡೂ ತುದಿಗೆ ಕರಗಿಸಿದ ಮೇಣ ಹಚ್ಚಿ, ತಾರೀಕು ಮತ್ತು ತೂಕ ತುದಿಯಲ್ಲೇ ಬರೆಯುವುದು. ಬೇಕಾದ ಅಳತೆಗಿಂತ ಎರಡು ಕಡೆಯೂ ಎರಡೆರಡು ಇಂಚು ಹೆಚ್ಚು ಉದ್ದ ಬಿಡುವುದು, ತುದಿಯ ಸಣ್ಣ ಸೀಳುಗಳು ಅದರಲ್ಲೇ ಕತ್ತರಿಸಿ ಹೋಗುತ್ತವೆ. ನೆರಳಿರುವ, ಗಾಳಿಯಾಡುವ, ಒಲೆಯಿಲ್ಲದ ಕೋಣೆಯಲ್ಲಿ ಕೋಲುಗಳ ಮೇಲೆ ಒಂದಕ್ಕೊಂದು ತಗುಲದಂತೆ ಜೋಡಿಸುವುದು. ಹಸಿ ಬೇರಿಗೆ ಎರಡು ಚಳಿಗಾಲ. ಅದಾದ ಮೇಲೂ ನಾಲ್ಕು ವಾರ ಸತತವಾಗಿ ತೂಕ ಬದಲಾಗದಿದ್ದರೆ ಮಾತ್ರ ಉಳಿ. ಹೊಳೆಯ ಸತ್ತ ಬೇರಾದರೆ ಕಾಯುವುದು ಕಡಿಮೆ, ಪರೀಕ್ಷೆ ಹೆಚ್ಚು: ತಟ್ಟಿದರೆ ಟಣ್ ಎನ್ನಬೇಕು, ಮಂಕು ಸದ್ದು ಬಂದರೆ ಒಳಗೆ ಕೊಳೆತಿದೆ. ಹುಳದ ತೂತು ಕಂಡರೆ ಬೇರೆಯೇ ಇಡಬೇಕು, ಇಲ್ಲವಾದರೆ ಪಕ್ಕದ್ದಕ್ಕೂ ಹತ್ತುತ್ತದೆ. ಕಚ್ಚಿಕೊಂಡ ಮರಳು ಕಲ್ಲುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯದೆ ಗರಗಸ ಹಾಕಿದರೆ ಹಲ್ಲು ಒಂದೇ ದಿನಕ್ಕೆ ಮೊಂಡು.

ಒಣಗುವಾಗಲೇ ಬಿರುಕು ಬಿಟ್ಟ ತುಂಡನ್ನು ಹುಡುಗ ಮೊದಲು ಎಸೆಯುತ್ತಿದ್ದ. ಮಾವ ಅದನ್ನೇ ಮೊದಲು ಎತ್ತಿಕೊಳ್ಳುತ್ತಾನೆ. ಬಿಗಿತ ಹೊರಬಿದ್ದಾಗಿದೆ, ಇನ್ನು ಬಿಡುವುದು ಏನೂ ಇಲ್ಲ. ಆ ಸೀಳನ್ನು ಬೆನ್ನಿಗೆ ತಿರುಗಿಸಿ, ಕತ್ಸಿನದ ಉಡುಪಿನ ಭಾಗವಾಗಿ ಅಲ್ಲಿ ಇಳಿಬಿಡುವ ನರಿಚರ್ಮವನ್ನು ಬೇರೆ ತುಂಡಿನಲ್ಲಿ ಕೆತ್ತಿ ಕೂರಿಸಿದರೆ ಮುಗಿಯಿತು. ಅಥವಾ ಅದೇ ಬೇರಿನ ತೆಳು ಬೆಣೆಯನ್ನು, ಎಳೆ ಒಂದೇ ದಿಕ್ಕಿಗೆ ಬರುವಂತೆ, ಮರದ ಬಿಳಿ ಅಂಟಿನಿಂದ ತುಂಬಿದರೂ ಆದೀತು. ಬೆಣೆ ಸುತ್ತಲಿನ ಮರದ ಜತೆಗೇ ಉಬ್ಬುತ್ತದೆ, ಕುಗ್ಗುತ್ತದೆ, ಪುಟ್ಟಿಗೆ ಆ ಗುಣವಿಲ್ಲ.

ಕೈಗಳ ವಿಷಯದಲ್ಲಿ ಮಾತು ಹಣದ ಕಡೆಗೆ ಹೋಯಿತು. ಚಾಚಿದ ತೋಳನ್ನು ಬೇರೆ ತುಂಡಿನಲ್ಲಿ, ಎಳೆ ತೋಳಿನುದ್ದಕ್ಕೆ ಬರುವಂತೆ ಕೆತ್ತಿ ಭುಜದಲ್ಲಿ ಗೂಟ ಹಾಕಿ ಸೇರಿಸಿದರೆ ಮುರಿಯುವುದಿಲ್ಲ. ಆದರೆ ಆಗ ‘ಒಂದೇ ಬೇರಿನದು’ ಎನ್ನುವಂತಿಲ್ಲ. ಅಂಗಡಿಯವರು ಜೋಡಣೆ ಕಾಣದಂತೆ ಬಣ್ಣ ಹಚ್ಚಿ, ಚೀಟಿ ಮಾತ್ರ ಹಾಗೇ ಇರಲಿ ಎಂದು ಸೂಚಿಸಿದರು. ಮಾವ ಒಪ್ಪಲಿಲ್ಲ. ಹೋಪಿ ಅಲ್ಲದವರು ಮಾಡಿದ್ದನ್ನು ಹೋಪಿ ಎಂದು ಮಾರಿ ಈ ಕಲೆಗೆ ಈಗಾಗಲೇ ಸಾಕಷ್ಟು ಪೆಟ್ಟು ಬಿದ್ದಿದೆ. ಯಾವ ಬುಡಕಟ್ಟಿನವರು ಮಾಡಿದ್ದು ಎಂದು ಸುಳ್ಳು ಹೇಳಿ ಮಾರುವುದರ ವಿರುದ್ಧ 1990ರಲ್ಲಿ ಕಾನೂನೇ ಬಂತು. ಚೀಟಿಯಲ್ಲಿ ಸಣ್ಣದೊಂದು ಸುಳ್ಳು ಸೇರಿದರೂ ಉಳಿದ ನಿಜಕ್ಕೆ ಬೆಲೆ ಹೋಗುತ್ತದೆ ಎಂಬುದು ಅವನ ವಾದ. ಕೊನೆಗೆ ಚೀಟಿಯಲ್ಲಿ ‘ಮೈ ಒಂದು ಬೇರು, ತೋಳು ಮತ್ತು ಗರಿ ಸೇರಿಸಿದ್ದು’ ಎಂದು ಬರೆಯುವುದಾಯಿತು. ಬೆಲೆ ಇಳಿಯಿತು. ಒಂದು ಅಂಗಡಿ ಬಿಟ್ಟುಹೋಯಿತು.

ಗರಿಗಳ ಕಥೆ ಇನ್ನೂ ಸೂಕ್ಷ್ಮ. ಹಳೆಯ ಗೊಂಬೆಗಳಲ್ಲಿ ನಿಜವಾದ ಗರಿ ಇರುತ್ತಿತ್ತು. 1918ರ ವಲಸೆ ಹಕ್ಕಿಗಳ ಕಾಯಿದೆ, 1940ರ ಹದ್ದಿನ ಕಾಯಿದೆ, ಅದಕ್ಕೆ 1962ರಲ್ಲಿ ಚಿನ್ನದ ಹದ್ದು ಸೇರಿದ್ದು, ಇವೆಲ್ಲದರಿಂದ ಅಂಥ ಗರಿಯಿರುವ ಗೊಂಬೆ ಮಾರುವುದು ಅಪರಾಧ. 1970ರ ದಶಕದಲ್ಲಿ ಕಾನೂನು ಬಿಗಿಯಾದಂತೆ ಕೆತ್ತುವವರು ಗರಿಯನ್ನೂ ಮರದಲ್ಲೇ ಕೆತ್ತತೊಡಗಿದರು. ಈ ಪ್ರಕರಣ ನಡೆಯುತ್ತಿದ್ದಾಗಲೇ ಒಬ್ಬ ಸಂಗ್ರಹಕಾರ ‘ನಿಜವಾದ ಹದ್ದಿನ ಗರಿ ಸಿಕ್ಕಿಸಿ ಕೊಟ್ಟರೆ ಎರಡು ಪಟ್ಟು’ ಎಂದ. ಅದಕ್ಕೆ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಮರದ ಗರಿಗೆ ಹುಡುಗ ಈಗ ಅನುಸರಿಸುವ ದಾರಿ: ದಂಟಿನುದ್ದಕ್ಕೆ ಎಳೆ ಬರುವ ಚೂರು, ನಡುವೆ ದಪ್ಪ, ಅಂಚು ತೆಳು, ಬುಡದಲ್ಲಿ ಕಾಲು ಇಂಚು ಕಡ್ಡಿ ಉಳಿಸಿ ತಲೆಯಲ್ಲಿ ಕೊರೆದ ತೂತಿಗೆ ಅಂಟಿಸುವುದು. ಸುಡುವ ಕಡ್ಡಿ ತುಂಬ ಕಾದಿದ್ದರೆ ಅಂಚು ಇದ್ದಿಲಾಗಿ ಉದುರುತ್ತದೆ, ಮೊದಲು ತಿರಸ್ಕೃತ ಚೂರಿನ ಮೇಲೆ ಗೆರೆ ಎಳೆದು ನೋಡಬೇಕು.

ಬಣ್ಣಕ್ಕೆ ಒಂದೇ ನಿಯಮ: ಒಂದು ಗೊಂಬೆಗೆ ಒಂದೇ ಪದ್ಧತಿ. ಮಣ್ಣಿನ ಬಣ್ಣವಾದರೆ ಜೇಡಿಯಿಂದ ಕೊನೆಯವರೆಗೂ ಮಣ್ಣು, ಬಿಳಿ ಪದರ ಹಾಲಿನಷ್ಟು ತೆಳು, ಬೇಕಿದ್ದರೆ ಇನ್ನೊಂದು ಕೈ. ಅಕ್ರಿಲಿಕ್ಕಾದರೆ ಜೇಡಿಯನ್ನು ಮುಟ್ಟುವಂತಿಲ್ಲ.

ಇನ್ನೊಂದು ತೀರ್ಮಾನವನ್ನು ಸೂಚ್ಯವಾಗಿ ಮಾತ್ರ ಹೇಳಬಲ್ಲೆವು. ಒಂದು ಗ್ಯಾಲರಿ ನಿರ್ದಿಷ್ಟ ಕತ್ಸಿನವೊಂದನ್ನು ಕೇಳಿತು, ಮುಂಗಡವನ್ನೂ ಕಳಿಸಿತು. ಅದು ಹೊರಗೆ ಮಾರುವಂಥದ್ದಲ್ಲ ಎಂದು ಮಾವ ಮುಂಗಡ ಹಿಂದಿರುಗಿಸಿದ. ಯಾವುದನ್ನು ಮಾರಬಹುದು, ಯಾವುದನ್ನು ಕೂಡದು ಎಂಬ ಪ್ರಶ್ನೆಗೆ ಅಂತಿಮ ಮಾತು ಹುಡುಗನದಲ್ಲ, ಅಪ್ಪನದೂ ಅಲ್ಲ, ತಾಯಿಯ ಕಡೆಯ ಹಿರಿಯರದು ಎಂದು ಅಂದು ಸ್ಪಷ್ಟವಾಯಿತು. ಗಳಿಸುವವನ ಕೈಯಲ್ಲಿ ಈ ಅಧಿಕಾರ ಇರದಿದ್ದದ್ದು ಮನೆಗೆ ಕಷ್ಟವನ್ನೂ ಕೊಟ್ಟಿತು, ಗೊಂದಲವನ್ನೂ ತಪ್ಪಿಸಿತು.

ಏನಾಯಿತು

ಮೊದಲ ವರ್ಷ ಹುಡುಗ ಕೆತ್ತಿದ್ದು ಬಹುಪಾಲು ಚಪ್ಪಟೆ ಗೊಂಬೆ, ಕೊನೆಗೆ ಕೆಲವು ನೇತುಹಾಕುವ ಹಳೆ ಶೈಲಿಯವು. ಮನೆಯ ಹೆಣ್ಣುಮಕ್ಕಳ ಪಾಲಿಗೆ ಹೋದವು ಹೋದವು, ಮಾರಿದ್ದು ಒಂದೂ ಇಲ್ಲ. ಎರಡನೆಯ ವರ್ಷ ಅಜ್ಜನ ಹಳೆ ದಾಸ್ತಾನಿನ ಬೇರಿನಲ್ಲಿ ಸ್ವಂತ ಹೆಸರಿನ ಒಂಬತ್ತು ಗೊಂಬೆ ಮಾರಿದ. ವಾಪಸ್ ಬಂದದ್ದು ಒಂದು, ಅದೂ ಅಂಚೆಯಲ್ಲಿ ಪಾದ ಮುರಿದು. ಗೊಂಬೆಯ ಪೀಠವನ್ನು ಪೆಟ್ಟಿಗೆಯ ತಳಕ್ಕೆ ತಿರುಪಿನಿಂದ ಬಿಗಿಯದೆ ಕಾಗದ ತುರುಕಿದ್ದು ಕಾರಣ. ಈಗ ಹೊರಪೆಟ್ಟಿಗೆಯೊಳಗೆ ಒಳಪೆಟ್ಟಿಗೆ, ಬಣ್ಣಕ್ಕೆ ಪ್ಲಾಸ್ಟಿಕ್ ತಗುಲದಂತೆ ಮೆದು ಕಾಗದ.

ಹಳೆಯ ನಾಲ್ಕರಲ್ಲಿ ಕೈ ಮುರಿದದ್ದನ್ನೂ ಬಣ್ಣ ಎದ್ದದ್ದನ್ನೂ ದುರಸ್ತಿ ಮಾಡಿ ಕಡಿಮೆ ಬೆಲೆಗೆ, ದುರಸ್ತಿಯಾಗಿದೆ ಎಂದು ಬರೆದೇ ಮಾರಿದರು. ಬೆನ್ನು ಬಿರಿದ ಎರಡನ್ನು ಎರಡು ವರ್ಷ ಒಣಗಲು ಬಿಟ್ಟು ಬೆಣೆ ಹಾಕಿದರು. ಒಂದು ನಿಂತಿತು, ಎದೆಯತ್ತ ಸೀಳು ಹೊರಳಿದ್ದು ನಿಲ್ಲಲಿಲ್ಲ.

ಬೇರೆ ಮನೆಗಳಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದರೆ, ಎರಡು ಮಾತನ್ನು ಮುಂದಿಡಬಹುದು. ವಾಪಸ್ ಬಂದ ಕೆಲಸವನ್ನು ದುರಸ್ತಿಗೆ ಕೂರುವ ಮೊದಲು ದೋಷದ ಬಗೆಯ ಪ್ರಕಾರ ಬೇರ್ಪಡಿಸುವುದು. ಇದು ಅರ್ಧ ಗಂಟೆಯ ಕೆಲಸ, ಇಲ್ಲಿ ಅದಕ್ಕೆ ಎಂಟು ತಿಂಗಳು ಹಿಡಿಯಿತು. ಎರಡನೆಯದು, ಕಲಿಯುವವನು ಕೆಲಸದ ಯಾವ ತುದಿಯಿಂದ ಒಳಗೆ ಬಂದ ಎಂದು ನೋಡುವುದು. ಮನೆಗೆ ಸಂಪಾದನೆ ಬೇಕಾದಾಗ ಹುಡುಗರನ್ನು ಉಜ್ಜಲು, ಬಣ್ಣ ಹಚ್ಚಲು ಕೂರಿಸುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅವನು ಸ್ವತಂತ್ರವಾಗುವ ದಿನ ಕೈಗೆ ಬರುವುದು ಬೇರು. ಅಲ್ಲಿವರೆಗೆ ಇನ್ನೊಬ್ಬರು ಮಾಡುತ್ತಿದ್ದ ಆಯ್ಕೆಗಳೆಲ್ಲ ಒಟ್ಟಿಗೆ ಅವನ ತಲೆಗೆ ಬೀಳುತ್ತವೆ. ತಿಂಗಳಿಗೊಮ್ಮೆಯಾದರೂ ಮೊದಲ ಗರಗಸದಿಂದ ಶುರುವಾಗುವ ಒಂದು ಸಣ್ಣ ಕೆಲಸ ಅವನದೇ ಆಗಿರಬೇಕು.

ಬಗೆಹರಿಯದೆ ಉಳಿದದ್ದು ಬೇರಿನ ಪೂರೈಕೆ. ಕಾಟನ್‌ವುಡ್ ಬೀಜ ಮೊಳೆಯಬೇಕಾದರೆ ವಸಂತದ ಪ್ರವಾಹ ಇಳಿದ ಮೇಲೆ ಉಳಿಯುವ ಬರಿಯ, ಒದ್ದೆ ಮೆಕ್ಕಲು ಬೇಕು. ಅಣೆಕಟ್ಟು ಕಟ್ಟಿದ ಹೊಳೆಗಳಲ್ಲಿ ಅಂಥ ಪ್ರವಾಹ ಅಪರೂಪವಾಗಿದೆ, ಬರ ಹೆಚ್ಚಿದೆ, ದಂಡೆಯನ್ನು ಹೊರನಾಡಿನಿಂದ ಬಂದ ಟ್ಯಾಮರಿಸ್ಕ್ ಪೊದೆ ಆಕ್ರಮಿಸಿದೆ. ಹೊಳೆ ತಂದುಕೊಡುವ ಸತ್ತ ಬೇರು ಕಡಿಮೆಯಾಗುತ್ತಾ ಹೋದಂತೆ ಲಾರಿಯ ಹಸಿ ಬೇರಿನ ಮೇಲೆ ಅವಲಂಬನೆ ಹೆಚ್ಚುತ್ತದೆ. ಹಸಿ ಬೇರು ಎಂದರೆ ಎರಡು ಚಳಿಗಾಲದ ಕಾಯುವಿಕೆ, ಅಂದರೆ ಇಂದು ಕೊಟ್ಟ ಹಣ ಎರಡು ವರ್ಷ ಕಪಾಟಿನಲ್ಲಿ ಮಲಗಿರುತ್ತದೆ. ಮಾರಾಟದ ಗೊಂಬೆಗಳ ಪೀಠಕ್ಕಾದರೂ ಕಾಂಡದ ಮರ ಬಳಸೋಣ ಎಂಬುದು ಅಪ್ಪನ ಸಲಹೆ. ಪೀಠ ಗೊಂಬೆಯ ಭಾಗವಲ್ಲ ಎಂದು ಅವನ ವಾದ, ಪಾದ ಅದರ ಮೇಲೇ ನಿಂತಿದೆಯಲ್ಲ ಎಂದು ಮಾವನ ಉತ್ತರ. ಹುಡುಗ ಸದ್ಯಕ್ಕೆ ಪೀಠವೇ ಬೇಡದ ನೇತುಹಾಕುವ ಗೊಂಬೆಗಳನ್ನು ಹೆಚ್ಚು ಕೆತ್ತುತ್ತಿದ್ದಾನೆ.